ದಾಡಿಯ ಬ್ರಷ್ಷು ಮತ್ತು ತಂದೆಯವರ ಪಾಠ

ಮನೆಯಲ್ಲಿ ನಿತ್ಯವೂ ಬಳಸಿ ನಿತ್ಯವೂ ಮರೆಯುವ ವಸ್ತುಗಳಲ್ಲಿ ದಾಡಿಯ ಬ್ರಷ್ಷೂ ಒಂದು. ಅದರ ವಿಷಯವಾಗಿ ಬರೆಯುವುದಾದರೂ ಏನಿದೆ ಎಂದು ಓದುಗರು ನಕ್ಕಾರು. ನಾವೂ ಒಂದು ಕಾಲಕ್ಕೆ ಹಾಗೆಯೇ ನಕ್ಕವರು.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. 1979ರಲ್ಲಿ ಹುಬ್ಬಳ್ಳಿಯ ಪೇಟೆಯಲ್ಲಿ ಕೊಂಡ ಒಂದು ಸಾಧಾರಣ ಬ್ರಷ್ಷು ಅವರ ಕೈಯಲ್ಲಿ 13 ವರ್ಷ ಬಾಳಿತು. ನೌಕರಿಗೆ ಸೇರಿದ 1984ರಲ್ಲಿ ನಾವೂ ಅಂಥದನ್ನೇ ಕೊಂಡೆವು. ಎಂಟು ತಿಂಗಳು ತುಂಬುವಷ್ಟರಲ್ಲಿ ಅದು ಕೂದಲು ಉದುರಿಸತೊಡಗಿತು. ಅಂಗಡಿಯವನು ಮೋಸ ಮಾಡಿದನೆಂದು ಸಿಟ್ಟಾಗಿ, ರಜೆಯಲ್ಲಿ ಊರಿಗೆ ಹೋದಾಗ ಅದನ್ನು ತಂದೆಯವರ ಮುಂದಿಟ್ಟೆವು. ಅವರು ಕನ್ನಡಕ ಏರಿಸಿಕೊಂಡು, ಕೂದಲಿನ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿ, ಮೂಗಿಗೆ ಹಿಡಿದರು.

“ತಮ್ಮಾ, ಅಂಗಡಿಯವನ ತಪ್ಪಲ್ಲ, ನಿನ್ನ ತಪ್ಪು. ಮೂಸಿ ನೋಡು” ಎಂದರು.

ಹಸಿ ಬಟ್ಟೆ ಮುದ್ದೆಯಾಗಿ ಬಿದ್ದಲ್ಲಿಯೇ ಕೊಳೆತಂಥ ವಾಸನೆ. ಬಾಡಿಗೆಯ ಕೋಣೆಯಲ್ಲಿದ್ದ ನಾವು ಕಚೇರಿಯ ಅವಸರದಲ್ಲಿ ಹಸಿ ಬ್ರಷ್ಷನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಹೋಗುತ್ತಿದ್ದೆವು. ಅಂದು ತಂದೆಯವರು ಹೇಳಿದ್ದಿಷ್ಟು: ಬಳಸಿ ಕೆಡುವ ಬ್ರಷ್ಷಿಗಿಂತ ಆರದೆ ಕೆಡುವ ಬ್ರಷ್ಷೇ ಹೆಚ್ಚು.

ಬ್ರಷ್ಷಿನ ಕೂದಲುಗಳನ್ನು ಬುಡದಲ್ಲಿ ಗಂಟಾಗಿ ಕಟ್ಟಿ, ಅಂಟು ಹಾಕಿ ಹಿಡಿಕೆಯೊಳಗೆ ಕೂಡಿಸಿರುತ್ತಾರೆ. ತುದಿ ಒಣಗಿದಂತೆ ಕಂಡರೂ ಈ ಬುಡದಲ್ಲಿ ನೀರು ಬಹಳ ಹೊತ್ತು ನಿಲ್ಲುತ್ತದೆ. ಅಲ್ಲಿ ಸೋಪು ಉಳಿದರೆ ಬೂಸ್ಟು ಹತ್ತುವುದು, ಕೂದಲು ಮುರಿಯುವುದು. ಕುದಿಯುವ ನೀರಿನಲ್ಲಿ ಅದ್ದಿದರೆ ಅಂಟೂ ಸಡಿಲುವುದು, ಕೂದಲೂ ಪೆಡಸಾಗುವುದು. ಆದಕಾರಣ ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರೇ ಸಾಕು. ದಾಡಿ ಮುಗಿದ ಮೇಲೆ ಸೋಪಿನ ಜಾರು ಹೋಗುವವರೆಗೆ ತೊಳೆದು, ಹಿಂಡದೆ ಮೆಲ್ಲಗೆ ಒತ್ತಿ, ನಾಲ್ಕು ಬಾರಿ ಜಾಡಿಸಿ, ಗಾಳಿಯಾಡುವಲ್ಲಿ ತೂಗುಹಾಕಬೇಕು. ತೂಗುಹಾಕಲು ಅನುಕೂಲವಿಲ್ಲದಿದ್ದರೆ ನೆಟ್ಟಗೆ ನಿಲ್ಲಿಸಿದರೂ ಆದೀತು. ಮುಚ್ಚಿಡುವುದು ಮಾತ್ರ ಬೇಡ. ಮರದ ಹಿಡಿಕೆಯದನ್ನು ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ.

ಬ್ರಷ್ಷುಗಳಲ್ಲಿ ಜಾತಿಗಳುಂಟು. ಹಂದಿಯ ಗಡುಸು ಕೂದಲಿನದು ಅಗ್ಗ. ಬಳಸುವ ಮೊದಲು ಅದನ್ನು ನಾಲ್ಕೈದು ನಿಮಿಷ ನೆನೆಯಿಡಬೇಕು. ದಿನ ಹೋದಂತೆ ತುದಿಗಳು ಸೀಳಿ ಮೃದುವಾಗುತ್ತವೆ. ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಯ ಕೂದಲಿನದು ಮೆದು, ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಪ್ರಾಣಿಗಳ ಕೂದಲು ಮುಖಕ್ಕೆ ಬೇಡವೆನ್ನುವವರಿಗೆ ನೈಲಾನಿನಂಥ ಕೃತಕ ಎಳೆಗಳವು ಉಂಟು. ಅವು ನೆನೆಯುವ ಗೊಡವೆಯಿಲ್ಲದೆ ಬೇಗ ಆರುತ್ತವೆ. ಹೊಸ ಬ್ರಷ್ಷು ಮೊದಲ ಕೆಲವು ದಿನ ಒಂದೆರಡು ಕೂದಲು ಉದುರಿಸುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಯಾವುದೇ ಬ್ರಷ್ಷನ್ನಾದರೂ ಗೋಡೆಗೆ ಸುಣ್ಣ ಬಳಿದಂತೆ ಮುಖಕ್ಕೆ ಒತ್ತಿ ತಿಕ್ಕಬಾರದು. ನಮ್ಮ ಕಡೆಯ ಕೊಳವೆಬಾವಿಗಳ ಗಡಸು ನೀರು ಸೋಪಿನೊಡನೆ ಸೇರಿ ಬುಡದಲ್ಲಿ ಬೆಳ್ಳಗೆ ಕರೆಗಟ್ಟುತ್ತದೆ. ತಿಂಗಳಿಗೊಮ್ಮೆ ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ, ಐದು ನಿಮಿಷ ಅದ್ದಿಟ್ಟು ತೊಳೆದರೆ ಅದು ಬಿಡುತ್ತದೆ.

ಒಬ್ಬರ ಬ್ರಷ್ಷನ್ನು ಇನ್ನೊಬ್ಬರು ಮುಟ್ಟಬಾರದೆಂಬುದು ತಂದೆಯವರ ಇನ್ನೊಂದು ಕಟ್ಟಳೆ. ದಾಡಿಯಲ್ಲಿ ಚರ್ಮಕ್ಕೆ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಬ್ರಷ್ಷು ಅವುಗಳ ಮೇಲೆಯೇ ಓಡಾಡುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸರಿಯಾಗಿ ಶುದ್ಧಿ ಮಾಡದ ಕುದುರೆಯ ಕೂದಲಿನ ಬ್ರಷ್ಷುಗಳಿಂದ ಅಮೆರಿಕ ಹಾಗೂ ಇಂಗ್ಲೆಂಡುಗಳಲ್ಲಿ 200ಕ್ಕೂ ಹೆಚ್ಚು ಜನರಿಗೆ ಆಂಥ್ರಾಕ್ಸ್, ಅಂದರೆ ದನಗಳಿಗೆ ಬರುವ ನೆರಡಿ ರೋಗ, ತಗುಲಿತ್ತೆಂದು ನಾವು ಬಹುಕಾಲದ ಮೇಲೆ ಓದಿ ತಿಳಿದೆವು. ತಂದೆಯವರು ಅದನ್ನು ಓದಿದ್ದರೋ ಇಲ್ಲವೋ, ಕಟ್ಟಳೆಯನ್ನಂತೂ ಬಿಡಲಿಲ್ಲ.

1991ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ನಿಂತವು. ಎರಡು ದಿನಕ್ಕೊಮ್ಮೆ ಅವರಿಗೆ ದಾಡಿ ಮಾಡುವ ಕೆಲಸ ನಮ್ಮದಾಯಿತು. ಮೊದಲ ದಿನ ಅರಿವಿಲ್ಲದೆ ನಮ್ಮ ಬ್ರಷ್ಷನ್ನೇ ನೊರೆಗೆ ಅದ್ದಿದೆವು. ಅವರು ತಲೆಯಾಡಿಸಿ, ಎಡಗೈಯಿಂದ ಗೋಡೆಯ ಮೊಳೆಯನ್ನು ತೋರಿಸಿದರು. ಅಲ್ಲಿ ಅವರು ತಾವೇ ಬಗ್ಗಿಸಿ ಮಾಡಿದ ತಾಮ್ರದ ತಂತಿಯ ಕೊಂಡಿಯಲ್ಲಿ ಅವರ ಬ್ರಷ್ಷು ತೂಗುತ್ತಿತ್ತು. ದಾಡಿ ಮುಗಿಸಿ, ಅದನ್ನು ಮಗ್ಗಿನಲ್ಲಿಯೇ ಬಿಟ್ಟು ಮುಖ ಒರೆಸತೊಡಗಿದಾಗ ಅವರ ಕಣ್ಣು ಮಗ್ಗನ್ನು ಬಿಟ್ಟು ಕದಲಲಿಲ್ಲ. ತೊಳೆದು, ಜಾಡಿಸಿ, ಕೊಂಡಿಗೆ ಹಾಕಿದ ಮೇಲೆಯೇ ಅವರು ದಿಂಬಿಗೆ ಒರಗಿದರು. ಮಾತಿದ್ದ ಕಾಲದಲ್ಲಿ ನೂರು ಸಲ ಹೇಳಿದ್ದು ನಮ್ಮ ತಲೆಗೆ ಹೋಗಿರಲಿಲ್ಲ, ಅಂದು ಹೋಯಿತು.

1992ರಲ್ಲಿ ಅವರು ಲಿಂಗೈಕ್ಯರಾದರು. ಬ್ರಷ್ಷನ್ನು ಏನು ಮಾಡೋಣವೆಂದು ತಾಯಿಯವರು ಕೇಳಿದಾಗ ಕೈಗೆ ತೆಗೆದುಕೊಂಡು ನೋಡಿದೆವು. ಇನ್ನೂ ಕೆಲವು ವರ್ಷ ಬಾಳುವಂತಿತ್ತು. ಆದರೆ ಅವರ ಕಟ್ಟಳೆಯ ಪ್ರಕಾರ ಅದು ನಮ್ಮದಾಗುವಂತಿರಲಿಲ್ಲ. ಕೊಂಡಿಯನ್ನು ಮಾತ್ರ ಉಳಿಸಿಕೊಂಡೆವು. ಅಂದಿನಿಂದ ಇಂದಿನವರೆಗೆ ಅದರಲ್ಲಿ ತೂಗಿದ್ದು ನಮ್ಮ ಮೂರೇ ಬ್ರಷ್ಷುಗಳು. ಮೂರನೆಯದು ಈಗಲೂ ಗಟ್ಟಿಯಾಗಿದೆ.

ನಮ್ಮ ಮಗ ಡಬ್ಬಿಯ ನೊರೆ ಬಳಸುತ್ತಾನೆ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಓದುಗರ ಮನೆಯಲ್ಲಿ ಕೂದಲುದುರುವ ಬ್ರಷ್ಷೇನಾದರೂ ಇದ್ದರೆ, ಅಂಗಡಿಯವನನ್ನು ಬೈಯುವ ಮೊದಲು ಅದನ್ನೊಮ್ಮೆ ಮೂಸಿ ನೋಡಬೇಕೆಂದು ನಮ್ಮ ಬಿನ್ನಹ.