ಔರಾದದ ದಾರಿಯಲ್ಲಿ ಹಾರುವ ಆಟ

ಬೀದರಿಗೆ ಬಂದವರು ಕೋಟೆ ಸುತ್ತಿ, ಮಹಮೂದ್ ಗವಾನನ ಮದರಸಾದ ಮುಂದೆ ಫೋಟೊ ತೆಗೆಸಿಕೊಂಡು, ಚೌಬಾರಾದ ಹತ್ತಿರ ಚಹಾ ಕುಡಿದು, ಬಿದರಿ ಕೆಲಸದ ಪುಟ್ಟ ಡಬ್ಬಿಯೊಂದನ್ನು ಕೊಂಡು ವಾಪಸಾಗುತ್ತಾರೆ. ನನ್ನ ಯೋಜನೆಯೂ ಅಷ್ಟೇ ಇತ್ತು. ಆದರೆ ಮಳೆಗಾಲದ ನಡುವೆ ಈ ಜಿಲ್ಲೆಯಲ್ಲಿ ಇನ್ನೊಂದು ಸುಗ್ಗಿ ಇರುತ್ತದೆ, ಶಾಲಾ ಕ್ರೀಡಾಕೂಟಗಳ ಸುಗ್ಗಿ. ಕಬಡ್ಡಿ ಸಿಕ್ಕೀತೆಂಬ ಆಸೆಯಿಂದ ನೆಹರೂ ಕ್ರೀಡಾಂಗಣದ ಕಡೆ ಕಾಲು ಹಾಕಿದೆ. ಸಿಕ್ಕಿದ್ದು ಹ್ಯಾಂಡ್‌ಬಾಲ್.

ಕೆಂಪು ಮಣ್ಣಿನ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಉದ್ದ 40 ಮೀಟರ್, ಅಗಲ 20 ಮೀಟರ್. ಎರಡೂ ತುದಿಗೆ 3 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲು. ಅದರ ಮುಂದೆ, 6 ಮೀಟರ್ ದೂರದಲ್ಲಿ, ಬಾಗಿ ಬಂದ ಒಂದು ಗೆರೆ. ಹುಡುಗಿಯರ ಬಾಯಲ್ಲಿ ಅದು ‘ಡಿ’. ಅದರೊಳಗೆ ಗೋಲ್‌ಕೀಪರ್ ಒಬ್ಬಳನ್ನು ಬಿಟ್ಟು ಬೇರೆ ಯಾರೂ ಕಾಲಿಡುವಂತಿಲ್ಲ. ಇಷ್ಟು ತಿಳಿದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಬರಿಗಾಲಿನ ಹುಡುಗಿಯೊಬ್ಬಳು ಚೆಂಡು ಹಿಡಿದು ಮೂರು ಹೆಜ್ಜೆ ಓಡಿ, ಗೆರೆಯ ಈಚೆಯಿಂದ ಜಿಗಿದಳು. ಮರುಕ್ಷಣ ಅವಳು ಗೆರೆಯ ಆಚೆ, ಕೀಪರಿನ ಕಣ್ಣೆದುರಿಗೇ, ಗಾಳಿಯಲ್ಲಿದ್ದಳು. ಕೀಪರ್ ಎಡಕ್ಕೆ ವಾಲಿದಳು, ಚೆಂಡು ಬಲಮೂಲೆಗೆ ಹೋಯಿತು. ಆಮೇಲೆ ಅವಳು ನೆಲಕ್ಕಿಳಿದಳು, ಕಾಲಿಡಬಾರದ ಅದೇ ನೆಲಕ್ಕೆ. ಸೀಟಿ ಊದಿದರು. ಗೋಲು!

ತಪ್ಪಲ್ಲವೇ ಎಂದು ಪಕ್ಕದಲ್ಲಿದ್ದ ಪಿಟಿ ಸರ್‌ಗೆ ಕೇಳಿದೆ.

“ಗೆರಿ ತುಳದ್ರ ತಪ್ಪು ಸರ. ಹಾರಿದ್ರ ತಪ್ಪಿಲ್ರಿ. ನೆಲಕ್ಕ ಕಾಲ ಹತ್ತೋದರಾಗ ಚೆಂಡ ಕೈ ಬಿಟ್ಟಿರಬೇಕು, ಅಷ್ಟ. ನೆಲಾ ಕೀಪರಂದು, ಗಾಳಿ ಯಾರ್ದೂ ಅಲ್ಲ ನೋಡ್ರಿ.”

ಆಟದ ಕಾನೂನಿನಲ್ಲಿ ಇಂಥದ್ದೊಂದು ಸೊಗಸು ಇರಬಹುದೆಂದು ನಾನು ಎಣಿಸಿರಲಿಲ್ಲ. ನೆಲವನ್ನು ಬೇಲಿ ಹಾಕಿ ಕಾಯುವ ನಿಯಮ ಆಕಾಶವನ್ನು ಬಯಲಾಗಿಯೇ ಬಿಟ್ಟಿದೆ. ಆ ಒಂದು ಗೆರೆಗಾಗಿಯೇ ಈ ಆಟದ ಮಕ್ಕಳು ಹಾರುವುದನ್ನು ಕಲಿಯುತ್ತಾರೆ. ಆವತ್ತು ಕೋಟೆಗೆ ಹೋಗುವುದು ಸಂಜೆಗೆ ಸರಿಯಿತು.

ಈ ಆಟವನ್ನು ಇನ್ನಷ್ಟು ನೋಡಬೇಕೆಂದು ಭಾಲ್ಕಿಗೆ ರೈಲಿನಲ್ಲಿ ಹೋದೆ. ಹಲಬರ್ಗಾ ದಾಟುವಷ್ಟರಲ್ಲಿ ಬೀದರಿನ ಕೆಂಪು ಕಲ್ಲುಮಣ್ಣು ಹಿಂದುಳಿದು ಎರೆಹೊಲ ಶುರುವಾಗಿತ್ತು. ಕಿಟಕಿಯಾಚೆ ಸೋಯಾ, ತೊಗರಿ, ಉದ್ದು. ನನ್ನ ತಲೆಯಲ್ಲಿ ಡೆನ್ಮಾರ್ಕ್. ಈ ಆಟ ಹುಟ್ಟಿದ್ದೂ ಶಾಲೆಯ ಅಂಗಳದಲ್ಲೇ. ಓರ್ಡ್ರುಪ್ ಎಂಬ ಊರಿನ ಮೇಷ್ಟ್ರು ಹೋಲ್ಗರ್ ನೀಲ್ಸನ್ 1898ರಲ್ಲಿ ಇದಕ್ಕೊಂದು ರೂಪ ಕೊಟ್ಟು, 1906ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದರು. ಫುಟ್‌ಬಾಲ್ ಒದ್ದು ಒದ್ದು ಶಾಲೆಯ ಕಿಟಕಿ ಗಾಜು ಒಡೆದದ್ದರಿಂದ ಕಾಲಿನ ಆಟ ನಿಷೇಧವಾಗಿ ಕೈಯಾಟ ಬಂತು ಎಂಬ ಕತೆಯಿದೆ. ಕತೆ ನಿಜವೋ ಸುಳ್ಳೋ, ನಂಬಲು ಚೆನ್ನಾಗಿದೆ.

ಡೆನ್ಮಾರ್ಕಿನದು ಒಂದು ಎಳೆಯಾದರೆ ಜರ್ಮನಿಯದು ಇನ್ನೊಂದು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1917ರಲ್ಲಿ, ಬರ್ಲಿನ್ನಿನ ಮಾಕ್ಸ್ ಹೈಸರ್ ಹೆಣ್ಣುಮಕ್ಕಳಿಗಾಗಿ ಒಂದು ಕೈಚೆಂಡಿನ ಆಟದ ನಿಯಮ ಬರೆದರು. ಎರಡು ವರ್ಷದ ಮೇಲೆ ಕಾರ್ಲ್ ಶೆಲೆನ್ಸ್ ಅದನ್ನು ತಿದ್ದಿ ಗಂಡಸರಿಗೂ ಒಗ್ಗಿಸಿದರು. ಹೆಂಗಸರಿಗಾಗಿ ಶುರುವಾಗಿ ಆಮೇಲೆ ಗಂಡಸರಿಗೆ ದಾಟಿದ ಆಟಗಳು ಲೋಕದಲ್ಲಿ ಎಷ್ಟಿವೆ? ಬೀದರಿನ ಆ ಬರಿಗಾಲಿನ ಹುಡುಗಿಗೆ ಈ ಸಂಗತಿ ಹೇಳಿ ಬರಬೇಕಿತ್ತು ಅನ್ನಿಸಿತು.

ಆಗಿನ ಹ್ಯಾಂಡ್‌ಬಾಲ್ ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಬಯಲಿನಲ್ಲಿ, ಹನ್ನೊಂದು ಹನ್ನೊಂದು ಜನರ ನಡುವೆ ನಡೆಯುತ್ತಿತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅದು ಹಾಗೇ ನಡೆಯಿತು. ಫೈನಲ್ಲಿನಲ್ಲಿ ಜರ್ಮನಿ ಆಸ್ಟ್ರಿಯಾವನ್ನು 10-6ರಿಂದ ಸೋಲಿಸಿತು. ಆದರೆ ಉತ್ತರ ಯುರೋಪಿನ ಚಳಿ ಬಯಲಿನ ಆಟಕ್ಕೆ ಒಗ್ಗುವಂಥದ್ದಲ್ಲ. ಸ್ವೀಡನ್, ಡೆನ್ಮಾರ್ಕಿನವರು ಆಟವನ್ನು ಮಾಡಿನ ಕೆಳಗೆ ತಂದರು. ಜಾಗ ಕುಗ್ಗಿತು, ಹನ್ನೊಂದು ಏಳಾಯಿತು, ವೇಗ ಏರಿತು. ಏಳು ಜನರ ಆ ಆಟವೇ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಬಂತು, ಯುಗೊಸ್ಲಾವಿಯಾ ಚಿನ್ನ ಗೆದ್ದಿತು. ಮಹಿಳೆಯರ ಸರದಿ ನಾಲ್ಕು ವರ್ಷದ ನಂತರ ಮಾಂಟ್ರಿಯಲ್‌ನಲ್ಲಿ. ಮೊದಲು ಅವರಿಗೆಂದೇ ಬರೆದ ಆಟದಲ್ಲಿ ಅವರೇ ಕಾಯಬೇಕಾಯಿತು.

ಭಾರತದ ಹ್ಯಾಂಡ್‌ಬಾಲ್ ಫೆಡರೇಷನ್ ಹುಟ್ಟಿದ್ದೂ ಅದೇ 1972ರಲ್ಲಿ. ಗವಾನನ ಮದರಸಾ ಕಟ್ಟಿದ್ದು 1472ರಲ್ಲಿ; ಸರಿಯಾಗಿ ಐನೂರು ವರ್ಷ. ಇದಕ್ಕೆ ಯಾವ ಅರ್ಥವೂ ಇಲ್ಲ, ರೈಲಿನಲ್ಲಿ ಕೂತವನಿಗೆ ಇಂಥ ಲೆಕ್ಕಗಳು ಹೊಳೆಯುತ್ತವೆ. ಆದರೂ ಗವಾನ್ ಇರಾನಿನ ಗೀಲಾನಿನಿಂದ ಬಂದವನು, ಅದೇ ಕಾಲದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಲು ಕುದುರೆ ಹಿಡಿದು ಇದೇ ಬೀದರಿಗೆ ಬಂದಿದ್ದ ಎಂಬುದನ್ನು ನೆನೆದರೆ, ಡೆನ್ಮಾರ್ಕಿನ ಆಟ ಇಲ್ಲಿಗೆ ಬಂದದ್ದು ದೂರವೆನಿಸುವುದಿಲ್ಲ.

ಭಾಲ್ಕಿಯಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ಹಿರೇಮಠಕ್ಕೆ ಹೋಗಿ ಬಂದೆ. ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಊರಿದು. ಇಂಥ ಊರಿನಲ್ಲಿ ಹೊರಗಿನ ಹೆಸರಿನ ಆಟವೊಂದು ಒಳಗಿನಿಂದ ಕನ್ನಡದ್ದಾಗುವುದು ದೊಡ್ಡ ಮಾತೇನಲ್ಲ.

ಇಲ್ಲಿನ ಒಂದು ಶಾಲೆಯ ಅಂಗಳದಲ್ಲಿ ಆಟದ ಉಳಿದ ಗುಟ್ಟುಗಳು ಬಿಚ್ಚಿಕೊಂಡವು. ಚೆಂಡು ಹಿಡಿದು ಮೂರಕ್ಕಿಂತ ಹೆಚ್ಚು ಹೆಜ್ಜೆ ಇಡಬಾರದು, ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬಾರದು. ಪುಟಿಸಿದರೆ ಮತ್ತೆ ಮೂರು ಹೆಜ್ಜೆಯ ಹಕ್ಕು ಸಿಗುತ್ತದೆ. ಪುಟಿಸಿ ಹಿಡಿದ ಮೇಲೆ ಎರಡನೇ ಸಲ ಪುಟಿಸುವಂತಿಲ್ಲ. ಮೊಣಕಾಲಿನ ಕೆಳಗೆ ಚೆಂಡು ತಾಗಬಾರದು. ಆ ಸ್ವಾತಂತ್ರ್ಯ ಡಿ ಒಳಗೆ ಗೋಲು ಕಾಯುವ ಕೀಪರಿಗೆ ಮಾತ್ರ. ಎದುರಾಳಿಯ ದಾರಿಗೆ ಎದೆ ಒಡ್ಡಿ ನಿಲ್ಲಬಹುದು, ಹಿಡಿಯಬಾರದು, ನೂಕಬಾರದು. ಜೋರಾಗಿ ನೂಕಿದರೆ ಎರಡು ನಿಮಿಷ ಹೊರಗೆ, ಅಷ್ಟು ಹೊತ್ತು ತಂಡ ಒಬ್ಬ ಕಡಿಮೆಯಿದ್ದೇ ಆಡಬೇಕು. ಮೂರನೇ ಸಲ ಹೊರಬಿದ್ದವನಿಗೆ ಆ ಪಂದ್ಯ ಮುಗಿದಂತೆ. ಖಚಿತ ಗೋಲನ್ನು ಅಡ್ಡದಾರಿಯಿಂದ ತಡೆದರೆ 7 ಮೀಟರಿನ ಗೆರೆಯಿಂದ ನೇರ ಹೊಡೆತ. ಎಸೆಯುವವನು ಮತ್ತು ಕೀಪರ್, ನಡುವೆ ಯಾರೂ ಇಲ್ಲ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಸೋಮಾರಿತನದ ಮೇಲಿನ ನಿಯಮ. ಗೋಲಿಗೆ ಹೊಡೆಯುವ ಮನಸ್ಸಿಲ್ಲದೆ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಕಾಲ ತಳ್ಳಿದರೆ ರೆಫರಿ ಕೈ ಎತ್ತುತ್ತಾನೆ. ಅಲ್ಲಿಂದ ನಾಲ್ಕು ಪಾಸು ಮಾತ್ರ. ಅಷ್ಟರಲ್ಲಿ ಹೊಡೆಯದಿದ್ದರೆ ಚೆಂಡು ಎದುರಾಳಿಗೆ. 2022ಕ್ಕೆ ಮೊದಲು ಆರು ಪಾಸುಗಳ ದಯೆಯಿತ್ತು. ನಮ್ಮ ಎಷ್ಟೋ ಸಭೆಗಳಿಗೆ ಈ ನಿಯಮ ಬೇಕು.

ದೊಡ್ಡವರ ಪಂದ್ಯ ಮೂವತ್ತು ಮೂವತ್ತು ನಿಮಿಷದ ಎರಡು ಅವಧಿ. ಅಷ್ಟರಲ್ಲಿ ಒಂದೊಂದು ತಂಡ ಇಪ್ಪತ್ತೈದು, ಮೂವತ್ತು ಗೋಲು ಹೊಡೆಯುವುದು ಮಾಮೂಲು. ಫುಟ್‌ಬಾಲಿನಲ್ಲಿ ಒಂದು ಗೋಲಿಗೆ ಹಗಲಿಡೀ ಕಾದು ಬೇಸತ್ತವರಿಗೆ ಇದು ಹಬ್ಬದೂಟ.

ಔರಾದಕ್ಕೆ ಬಸ್ಸು. ದಾರಿಯುದ್ದಕ್ಕೂ ಊರ ಹೆಸರಿನ ಫಲಕಗಳಿಗಿಂತ ಬಸ್ಸಿನೊಳಗಿನ ಮಾತು ಬೇಗ ಬದಲಾಯಿತು. ಮುಂದಿನ ಸೀಟಿನಲ್ಲಿ ಕನ್ನಡ, ಹಿಂದೆ ಮರಾಠಿ, ಬಾಗಿಲ ಬಳಿ ಉರ್ದು. ಒಬ್ಬ ಅಜ್ಜಿ ಮೂರನ್ನೂ ಒಂದೇ ವಾಕ್ಯದಲ್ಲಿ ಆಡಿದಳು. ರಾಜ್ಯದ ಈ ತುದಿಯಲ್ಲಿ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಮರೇಶ್ವರನಿಗೆ ಕೈಮುಗಿದು ಮೈದಾನಕ್ಕೆ ಹೋದರೆ ಅಲ್ಲಿ ಎರೆಮಣ್ಣಿನ ದರ್ಬಾರು. ರಾತ್ರಿಯ ಮಳೆಗೆ ನೆಲ ಅಂಟಾಗಿತ್ತು, ಸುಣ್ಣದ ಗೆರೆ ಅರ್ಧ ಕರಗಿತ್ತು. ಚೆಂಡು ಬಿದ್ದಲ್ಲೇ ಕೂರುತ್ತಿತ್ತು.

ಪುಟಿಸಲು ಬಾರದ ನೆಲದಲ್ಲಿ ಹುಡುಗರು ಆಟವನ್ನೇ ಬದಲಿಸಿಕೊಂಡಿದ್ದರು. ಯಾರೂ ಚೆಂಡನ್ನು ನೆಲಕ್ಕೆ ಬಡಿಯುವ ಗೋಜಿಗೆ ಹೋಗಲಿಲ್ಲ. ಹಿಡಿ, ಎಸೆ, ಓಡು. “ತೀನ್ ಆಯ್ತು, ಬಿಡಲೇ!” ಎಂದು ಹೆಜ್ಜೆ ಎಣಿಸುತ್ತ ಕೂಗುತ್ತಿದ್ದರು. ಚೆಂಡು ಏಳು ಜನರ ಕೈಯಲ್ಲಿ ಮಗ್ಗದ ಲಾಳಿಯಂತೆ ಓಡಾಡಿತು. ಮಾಡಿನ ಕೆಳಗೆ, ಹೊಳಪು ನೆಲದ ಮೇಲೆ ಆಡುವ ಯುರೋಪಿನ ಆಟಗಾರರು ಚೆಂಡು ಜಾರದಿರಲೆಂದು ಬೆರಳಿಗೆ ರಾಳದ ಅಂಟು ಹಚ್ಚಿಕೊಳ್ಳುತ್ತಾರೆ. ಔರಾದದ ಹುಡುಗರಿಗೆ ಅಂಟನ್ನು ನೆಲವೇ ಕೊಟ್ಟಿತ್ತು.

“ಮಳಿ ಬಂದ್ರ ನಿಲ್ಸಂಗಿಲ್ಲೇನಪಾ?” ಎಂದೆ ಒಬ್ಬನಿಗೆ.

“ನಿಲ್ಸಿದ್ರ ಇನ್ಯಾವಾಗ ಆಡ್ಬೇಕ್ರಿ ಕಾಕಾ?” ಎಂದು ಓಡಿದ.

ಅವನ ಮಾತಿನಲ್ಲಿ ತುಂಟತನವಿತ್ತು, ನಿಜವೂ ಇತ್ತು. ನಾನು ಈ ಪ್ರಯಾಣದಲ್ಲಿ ಕಂಡ ಅಂಗಳಗಳಲ್ಲಿ ಯಾವುದಕ್ಕೂ ಮಾಡು ಇರಲಿಲ್ಲ. ಹಾರುವ ಆಟಕ್ಕೆ ಇಳಿಯಲೊಂದು ಒಳ್ಳೆಯ ನೆಲ ಬೇಕು. ಕಲ್ಲುಮಣ್ಣಿನ ಮೇಲೆ ಬಿದ್ದ ಮೊಣಕಾಲುಗಳನ್ನು ಬೀದರಿನಲ್ಲೇ ನೋಡಿದ್ದೆ. ಈ ಆಟಕ್ಕೆ ಆಸರೆ ಸಿಕ್ಕ ಊರೂ ಇದೆ: ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಮೊರ್ಸಿಂಘಿ ಎಂಬ ಹಳ್ಳಿಯಲ್ಲಿ ಒಂದು ಹ್ಯಾಂಡ್‌ಬಾಲ್ ನರ್ಸರಿ ಇದೆ. ಅಲ್ಲಿ ಕಲಿತ ಹೆಣ್ಣುಮಕ್ಕಳು ದೇಶದ ತಂಡದಲ್ಲಿ ಆಡುತ್ತಾರೆ. ಭಾರತದ ಕಿರಿಯ ಮಹಿಳೆಯರ ತಂಡ 2022ರಲ್ಲಿ ಕಜಕಸ್ತಾನದ ಅಲ್ಮಾಟಿಯಲ್ಲಿ ಏಷ್ಯಾ ಚಾಂಪಿಯನ್ ಆಯಿತು. 2023ರಲ್ಲಿ ಜೈಪುರದಲ್ಲಿ ಶುರುವಾದ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗಿನಲ್ಲಿ ಮಹಾರಾಷ್ಟ್ರದ ತಂಡ ಗೆದ್ದಿತು, ತೆಲುಗರದೂ ಒಂದು ತಂಡವಿತ್ತು. ಔರಾದದ ಎರಡು ನೆರೆಮನೆಗಳೂ ಅಲ್ಲಿದ್ದವು, ಕರ್ನಾಟಕದ ಹೆಸರಿನ ತಂಡ ಇರಲಿಲ್ಲ.

ಮೂರು ತಾಲ್ಲೂಕುಗಳಿಗೆ ಒಂದೊಂದು ಮಾಡು, ಸಮತಟ್ಟಾದ 40 ಮೀಟರ್ ನೆಲ, ಶಾಲೆಗೆ ನಾಲ್ಕಾರು ಒಳ್ಳೆಯ ಚೆಂಡು. ಬೇಕಾಗಿರುವುದು ಇಷ್ಟು, ಇದು ಜಿಲ್ಲಾಡಳಿತದ ಕೈಗೆ ಎಟುಕದ್ದಲ್ಲ. ಆಗುವವರೆಗೆ ಓದುಗರು ಮಾಡಬಹುದಾದದ್ದೂ ಒಂದಿದೆ. ಶಾಲಾ ಕ್ರೀಡಾಕೂಟಗಳು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ ನಡೆಯುತ್ತವೆ. ಆ ತಿಂಗಳಲ್ಲಿ ಬೀದರಿಗೆ ಹೋದರೆ ಬೆಳಿಗ್ಗೆ ಕೋಟೆ ನೋಡಿ, ಮಧ್ಯಾಹ್ನ ಔರಾದದ ಬಸ್ಸು ಹತ್ತಿ, ಗೆರೆಯ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿ ಬನ್ನಿ.