ಉಳ್ಳಾಗಡ್ಡಿಯ ಬೇರು

1998ರಲ್ಲಿ ನಮ್ಮ ಶಾಲೆಯ ವಿಜ್ಞಾನದ ಮಾಸ್ತರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಕನ್ನಡ, ಇತಿಹಾಸ ಕಲಿಸುತ್ತಿದ್ದ ನನ್ನ ಕೈಗೆ ಹೆಡ್‌ಮಾಸ್ತರರು ಜೀವಶಾಸ್ತ್ರದ ಪುಸ್ತಕ ಕೊಟ್ಟು, "ನೀವು ಹೆಂಗರ ಸಂಭಾಳಸ್ತೀರಿ ಬಿಡ್ರಿ" ಎಂದರು. ಹೆಂಗಸರಿಗೆ ಈ ಮಾತು ಹೊಸದಲ್ಲ. ಮನೆಯಲ್ಲೂ ನಾವು ಕೇಳುವುದು ಇದನ್ನೇ.

ನಾರಾಯಣಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹಳ್ಳಿ ಅದು. ಮರುದಿನದ ಪಾಠವನ್ನು ಬಸ್ಸಿನಲ್ಲೇ ಓದುತ್ತಿದ್ದೆ. ಚೋಳರನ್ನೂ ಚಾಲುಕ್ಯರನ್ನೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲ ನನಗೆ ಕೋಶವಿಭಜನೆಯ ಪಾಠ ಬಂದಾಗ ಮಾತ್ರ ಜ್ವರ ಬಂದಂತಾಯಿತು. ಚಿತ್ರ ನೋಡಿದರೆ ಯಾರೋ ದಾರದ ಉಂಡೆಯನ್ನು ಬಿಚ್ಚಿ ಹರವಿದಂತಿತ್ತು. ಆ ಹೆಸರಿನ ಮೂಲವೂ ದಾರವೇ ಎಂದು ಆಮೇಲೆ ತಿಳಿಯಿತು. ಜರ್ಮನಿಯ ವಾಲ್ಟರ್ ಫ್ಲೆಮ್ಮಿಂಗ್ ಎಂಬವರು ಸಾಲಮಾಂಡರ್ ಎಂಬ ಪ್ರಾಣಿಯ ಮರಿಯ ಕೋಶಗಳಿಗೆ ಬಣ್ಣ ಕಟ್ಟಿ, ಅವುಗಳೊಳಗೆ ಎಳೆಗಳು ಕಾಣಿಸಿಕೊಂಡು ಎರಡು ಪಾಲಾಗುವುದನ್ನು ನೋಡಿದರು. ದಾರ ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಮೈಟಾಸಿಸ್ ಎಂದು ಹೆಸರಿಟ್ಟು, 1882ರಲ್ಲಿ ದೊಡ್ಡದೊಂದು ಪುಸ್ತಕವನ್ನೇ ಬರೆದರು.

ನನಗೆ ಸಾಲಮಾಂಡರ್ ಎಲ್ಲಿಂದ ಸಿಗಬೇಕು? ಅಡಿಗೆಮನೆಯ ಉಳ್ಳಾಗಡ್ಡಿ ಸಿಕ್ಕಿತು. ಪುಸ್ತಕದಲ್ಲಿ 'ಈರುಳ್ಳಿ' ಎಂದಿದ್ದರೂ ನಮ್ಮ ಹುಡುಗರಿಗೆ ಅದು ಉಳ್ಳಾಗಡ್ಡಿಯೇ. ನೀರು ತುಂಬಿದ ಲೋಟದ ಬಾಯಿಗೆ ಒಂದನ್ನು ಕೂರಿಸಿಟ್ಟೆ. ಎರಡು ಮೂರು ದಿನಕ್ಕೆ ಬಿಳಿಯ ಬೇರು ಇಳಿದವು. ಬೆಳಿಗ್ಗೆ ಅವುಗಳ ತುದಿಯನ್ನಷ್ಟೇ ಕತ್ತರಿಸಿ, ಆಮ್ಲದಲ್ಲಿ ಮೆತ್ತಗೆ ಮಾಡಿ, ಕೆಂಪು ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಮೊದಲ ದಿನ ಒತ್ತಿದ ರಭಸಕ್ಕೆ ಗಾಜೇ ಒಡೆಯಿತು. ಮೂರನೆಯ ಸಲ ಸೂಕ್ಷ್ಮದರ್ಶಕದಲ್ಲಿ ಸಾಲುಸಾಲು ಇಟ್ಟಿಗೆಯಂಥ ಕೋಶಗಳು ಕಂಡವು. ಹೆಚ್ಚಿನವು ಸುಮ್ಮನೆ ಕೂತಿದ್ದವು. ಹುಡುಕುತ್ತ ಹೋದಂತೆ ಒಂದರಲ್ಲಿ ಎಳೆಗಳು ನಟ್ಟನಡುವೆ ಸಾಲಾಗಿ ನಿಂತಿದ್ದವು, ಇನ್ನೊಂದರಲ್ಲಿ ಎರಡು ಗುಂಪಾಗಿ ಆಚೆಈಚೆ ಹೊರಟಿದ್ದವು. ನಾನು ಮಕ್ಕಳಿಗಿಂತ ಮೊದಲು ಕೂಗಿಕೊಂಡೆ.

ಒಬ್ಬ ಹುಡುಗಿ ಕೇಳಿದಳು: "ಮೇಡಮ್ರೀ, ಪಾಲು ಮಾಡಿದ ಮ್ಯಾಲ ಕಮ್ಮಿ ಆಗಬೇಕಲ್ರೀ?" ಅವರ ಮನೆಯಲ್ಲಿ ಆಗಷ್ಟೇ ಹೊಲದ ಪಾಲಾಗಿತ್ತು. ಒಳ್ಳೆಯ ಪ್ರಶ್ನೆ. ಮನುಷ್ಯರು ಇದ್ದದ್ದನ್ನು ಒಡೆದು ಹಂಚುತ್ತೇವೆ, ಆದ್ದರಿಂದ ಜಗಳ. ಕೋಶ ಹಾಗಲ್ಲ. ಉಳ್ಳಾಗಡ್ಡಿಯ ಕೋಶದಲ್ಲಿರುವುದು 16 ವರ್ಣತಂತು. ಒಡೆಯುವ ಮುಂಚೆಯೇ ಪ್ರತಿಯೊಂದಕ್ಕೂ ಒಂದು ಜೋಡಿ ತಯಾರಾಗಿರುತ್ತದೆ. ಆಮೇಲೆ ಕದಿರೆಳೆ ಎಂಬ ಸಣ್ಣ ಹಗ್ಗಗಳು ಎರಡೂ ತುದಿಯಿಂದ ಬಂದು ಹಿಡಿದು, ಜೋಡಿಯನ್ನು ಬಿಡಿಸಿ, ಆ ಕಡೆ 16, ಈ ಕಡೆ 16 ಎಂದು ಎಳೆದುಕೊಳ್ಳುತ್ತವೆ. ನಡುವೆ ಗೋಡೆ ಏಳುತ್ತದೆ. ಯಾರಿಗೂ ಕಮ್ಮಿಯಿಲ್ಲ. ನಮ್ಮ ಮೈಯಲ್ಲಾದರೆ 46, ಲೆಕ್ಕದ ರೀತಿ ಅದೇ.

ಆ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. "ಇಳಿಗಿ ತಾಗಿ ಬೆರಳು ಕೊಯ್ದರ ಚರ್ಮ ಮತ್ತ ಬೆಳೀತದ, ಆಮ್ಯಾಲ ನಿಲ್ತದ. ಸಾಕು ಅಂತ ಅದಕ್ಕ ಯಾರು ಹೇಳ್ತಾರ್ರೀ?" ಗಂಟೆ ಹೊಡೆಯಿತು. ಗಂಟೆ ಹೊಡೆದದ್ದಕ್ಕೆ ನಾನು ಇಷ್ಟು ಸಂತೋಷಪಟ್ಟದ್ದು ಬೇರೆ ಯಾವತ್ತೂ ಇಲ್ಲ.

ಆ ಪ್ರಶ್ನೆ ನನ್ನ ಮನೆಯ ಬಾಗಿಲಿಗೇ ಬಂದದ್ದು 2011ರಲ್ಲಿ. ಹುಣಸಗಿಗೆ ಕೊಟ್ಟಿದ್ದ ತಂಗಿಯ ಕುತ್ತಿಗೆಯಲ್ಲಿ ಒಂದು ಗಂಟು. ನೋವಿಲ್ಲ. ನೋವಿಲ್ಲವೆಂದೇ ಅವಳು ನಾಲ್ಕು ತಿಂಗಳು ಸೆರಗು ಮುಚ್ಚಿಕೊಂಡು ತಿರುಗಿದ್ದಳು. ಆಗಿನ್ನೂ ಗುಲಬರ್ಗಾ ಎನ್ನುತ್ತಿದ್ದ ಕಲಬುರಗಿಗೆ ಹೋದೆವು. ಗಂಟಿನ ತುಣುಕು ತೆಗೆದು ಪರೀಕ್ಷಿಸಿ ಲಿಂಫೋಮಾ ಎಂದರು. ಗೆಡ್ಡೆಯೊಳಗಿನ ಕೋಶಗಳು ನಿಲ್ಲುವುದನ್ನೇ ಮರೆತು ಒಡೆಯುತ್ತಿವೆ ಎಂದು ಡಾಕ್ಟರು ವಿವರಿಸಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ತಂಗಿ, "ಅಕ್ಕ, ನೀ ಹುಡುಗ್ರಿಗಿ ಕಲಸ್ತಿಯಲ್ಲ, ಅದೇ ಅಲ್ಲೇನು ಇದು?" ಎಂದಳು. ಹದಿಮೂರು ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಸಂಭ್ರಮದಿಂದ ಬರೆದ ಚಿತ್ರ. ನಾನು ತಲೆಯಾಡಿಸಿದೆ, ಬಾಯಿ ಬರಲಿಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಆಗ ಹುಡುಕಿ ಓದಿದೆ. ನಮ್ಮ ಬಸವಸಾಗರದ ಗೇಟುಗಳನ್ನು ನೀವು ನೋಡಿರಬಹುದು. ಆಲಮಟ್ಟಿಯಿಂದ ಎಷ್ಟು ನೀರು ಬರುತ್ತಿದೆ ಎಂದು ನೋಡಿ ಎತ್ತುತ್ತಾರೆ, ಇಳಿಸುತ್ತಾರೆ. ಕೋಶದಲ್ಲೂ ಅಂಥ ತಪಾಸಣೆಯ ಗೇಟುಗಳಿವೆ. ಎಳೆಗಳ ನಕಲು ಪೂರಾ ಆಯಿತೇ? ಎಲ್ಲವನ್ನೂ ಹಗ್ಗ ಹಿಡಿಯಿತೇ? ಆಗದಿದ್ದರೆ ಮುಂದೆ ಬಿಡುವುದಿಲ್ಲ. ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲಿ ಇದನ್ನು ಶೋಧಿಸಿದ ಲೆಲ್ಯಾಂಡ್ ಹಾರ್ಟ್‌ವೆಲ್ ಅವರಿಗೆ 2001ರಲ್ಲಿ, ಇನ್ನಿಬ್ಬರ ಜೊತೆ ನೊಬೆಲ್ ಬಂದಿತ್ತು. ಕ್ಯಾನ್ಸರ್ ಎಂದರೆ ಗೇಟು ಕೆಟ್ಟ ಅಣೆಕಟ್ಟು. ಅವ್ವ ಮಾತ್ರ ಇದ್ಯಾವುದನ್ನೂ ಕೇಳದೆ ಛಾಯಾ ಭಗವತಿಗೆ ಹರಕೆ ಹೊತ್ತು ಬಂದಳು.

ಮೂರು ವಾರಕ್ಕೊಮ್ಮೆ ಔಷಧಿ ಏರಿಸುತ್ತಿದ್ದರು. ಅದರಲ್ಲೊಂದರ ಹೆಸರು ವಿಂಕ್ರಿಸ್ಟಿನ್. ಸದಾಪುಷ್ಪದಿಂದ ಬಂದದ್ದು ಎಂದು ನರ್ಸಮ್ಮ ಹೇಳಿದಾಗ ನಾನು ನಂಬಲಿಲ್ಲ. ನಮ್ಮ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಬೆಳೆದ ಗಿಡ. ಬೇರೆ ಹೂ ಸಿಗದ ದಿನ ದೇವರಿಗೆ ಅದೇ ಗತಿ. ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುವ ರೂಢಿ ಜಮೈಕಾದಲ್ಲಿತ್ತು. ಅದನ್ನು ಪರೀಕ್ಷಿಸಲು ಹೊರಟ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರಿಗೆ ಇಲಿಗಳ ಸಕ್ಕರೆ ಇಳಿದದ್ದು ಕಾಣಲಿಲ್ಲ, ಬಿಳಿ ರಕ್ತಕಣ ಇಳಿದದ್ದು ಕಂಡಿತು. 1958ರಲ್ಲಿ ಅವರು ಬೇರ್ಪಡಿಸಿದ್ದು ವಿನ್‌ಬ್ಲಾಸ್ಟಿನ್. ವಿಂಕ್ರಿಸ್ಟಿನ್ ಅದರ ಬೆನ್ನಿಗೇ ಅದೇ ಗಿಡದಲ್ಲಿ ಸಿಕ್ಕಿತು. ಎರಡೂ ಕದಿರೆಳೆಗಳನ್ನು ಕಟ್ಟಲು ಬಿಡುವುದಿಲ್ಲ. ಹಗ್ಗವಿಲ್ಲದೆ ಎಳೆಗಳು ನಡುವೆಯೇ ನಿಂತುಬಿಡುತ್ತವೆ, ಕೋಶ ಸಾಯುತ್ತದೆ.

ಇದನ್ನು ನಾನು ಓಣಿಯಲ್ಲಿ ಹೇಳಿದ್ದೇ ತಪ್ಪಾಯಿತು. ಮರುದಿನವೇ ಪಕ್ಕದ ಮನೆಯವರು ಒಂದು ಬಟ್ಟಲು ಎಲೆಯ ರಸ ಹಿಂಡಿ ತಂದರು. ಡಾಕ್ಟರನ್ನು ಕೇಳಿದರೆ, ಆ ಗಿಡ ವಿಷ, ಕ್ವಿಂಟಾಲ್‌ಗಟ್ಟಲೆ ಒಣ ಎಲೆಯಿಂದ ಚಿಟಿಕೆಯಷ್ಟು ಔಷಧಿ ಬೇರೆ ಮಾಡಿ ಅಳೆದು ಕೊಡುತ್ತಾರೆ, ಮನೆಯಲ್ಲಿ ಹಿಂಡಿ ಕುಡಿದೀರಿ ಜೋಕೆ ಎಂದು ಗದರಿದರು. ರಸ ಬಚ್ಚಲಿಗೆ ಹೋಯಿತು. ನಿಮ್ಮ ಹಿತ್ತಲಲ್ಲೂ ಆ ಗಿಡವಿದ್ದೀತು, ಅದಕ್ಕೇ ಹೇಳಿದೆ.

ಎರಡನೆಯ ಸಲದ ಹೊತ್ತಿಗೆ ತಂಗಿಯ ಕೂದಲು ದಿಂಬಿನ ಮೇಲೆ ಉದುರತೊಡಗಿತು. ಕೂದಲ ಬುಡದ ಕೋಶಗಳೂ ಸದಾ ಒಡೆಯುವಂಥವು. ಔಷಧಿಗಳಿಗೆ ತಮ್ಮವರು, ಪರರು ಎಂಬುದು ತಿಳಿಯುವುದಿಲ್ಲ. ಬೆರಳ ತುದಿ ಜೋಮು ಹಿಡಿದು ಕುಪ್ಪಸದ ಹುಕ್ಕು ಹಾಕಲೂ ಅವಳಿಗೆ ಆಗುತ್ತಿರಲಿಲ್ಲ. ಕದಿರೆಳೆ ಯಾವುದರಿಂದ ಆಗಿದೆಯೋ ಅದೇ ವಸ್ತು ನರಗಳಲ್ಲೂ ಇದೆಯಂತೆ. ಮೂವತ್ತಾರು ವರ್ಷದ ಹೆಂಗಸಿಗೆ ನಾನು ಚಿಕ್ಕವಳಿಗೆ ಹಾಕಿದಂತೆ ಹುಕ್ಕು ಹಾಕುತ್ತಿದ್ದೆ. ಅವಳು ಗೋಡೆ ನೋಡುತ್ತಿದ್ದಳು.

ಆರು ಸಲ ಆಯಿತು. ಗಂಟು ಕರಗಿತು. ಬೆರಳ ಜೋಮು ಮಾತ್ರ ವರ್ಷ ಹಿಡಿಯಿತು. ಆ ವರ್ಷವೂ ಕೋಶವಿಭಜನೆಯ ಪಾಠ ಮಾಡಿದೆ, ಲೋಟದ ಮೇಲೆ ಉಳ್ಳಾಗಡ್ಡಿ ಇಟ್ಟೆ, ಆದರೆ ಒಂದು ಪೂರ್ತಿ ಪಿರಿಯಡ್ಡು ಗೇಟುಗಳಿಗೇ ಹೋಯಿತು.

ಶ್ರಾವಣಕ್ಕೆ ತಂಗಿ ಊರಿಗೆ ಬಂದಾಗ ತಲೆಯಲ್ಲಿ ಬೆರಳುದ್ದ ಕೂದಲು ಬಂದಿತ್ತು. ಮೊದಲಿನಂತೆ ನೇರವಲ್ಲ, ಸುರುಳಿ ಸುರುಳಿ. ಕೆಲವರಿಗೆ ಹಾಗಾಗುತ್ತದಂತೆ. ಅವ್ವ ಅವಳನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಬಾಚಲು ನೋಡಿದಳು. ಬಾಚಣಿಕೆ ಸಿಕ್ಕಿಕೊಂಡಿತು. "ನಮ್ಮ ಮನಿತನದಾಗ ಯಾರಿಗೂ ಗುಂಗುರು ಕೂದಲಿಲ್ಲ, ಇದು ಯಾರ ತಲಿ ತಂದೀಯವ್ವ" ಎಂದು ಗೊಣಗುತ್ತಲೇ ಅವ್ವ ಮತ್ತೊಂದು ಹನಿ ಎಣ್ಣೆ ಸುರಿದುಕೊಂಡಳು.