ತೆಂಗಿನ ನಾಡಿನಿಂದ ಪರನಾಡಿಗೆ

ಬೆಂಗಳೂರಿನಿಂದ ಹೊರಟ ರೈಲು ಗುಬ್ಬಿ, ನಿಟ್ಟೂರುಗಳನ್ನು ದಾಟಿ ಅಮ್ಮಸಂದ್ರ, ಬಾಣಸಂದ್ರಗಳತ್ತ ಸಾಗುತ್ತಿದ್ದಂತೆ ಇಕ್ಕೆಲಗಳಲ್ಲಿಯೂ ತೆಂಗಿನ ತೋಟಗಳು ದಟ್ಟೈಸುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಜನಜೀವನಕ್ಕೆ ತೆಂಗೇ ಆಧಾರ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯನ್ನೂ ತುರುವೇಕೆರೆಯ ಹೊಯ್ಸಳ ದೇಗುಲಗಳನ್ನೂ ನಾವು ಹಿಂದೆ ಹಲವು ಬಾರಿ ಸಂದರ್ಶಿಸಿದ್ದೇವೆ. ಈ ಸಲ ಬಂದದ್ದು ದೇಗುಲ ದರ್ಶನಕ್ಕಲ್ಲ. ಮಠದ ವಿದ್ಯಾರ್ಥಿನಿಲಯದಲ್ಲಿ ನಮ್ಮೊಡನೆ ಪಂಕ್ತಿಯಲ್ಲಿ ಕುಳಿತು ಉಂಡ ಗೆಳೆಯರೊಬ್ಬರ ಕರೆಗೆ ಓಗೊಟ್ಟು.

ತಿಪಟೂರು ನಿಲ್ದಾಣದಲ್ಲಿಳಿದು ತುರುವೇಕೆರೆಯ ದಾರಿಯಲ್ಲಿರುವ ಅವರ ಹಳ್ಳಿಯನ್ನು ಸೇರಿದಾಗ ಸಂಜೆಯಾಗಿತ್ತು. ಮನೆಯ ಅಟ್ಟದ ತುಂಬ ಕಾಯಿಗಳು. ಸಿಪ್ಪೆಸಹಿತ ಅಟ್ಟವೇರಿದ ಬಲಿತ ಕಾಯಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕಳೆದು, ಒಳಗಿನ ನೀರು ಆರಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಯಿಂದ ಅದು ಉತ್ತರ ಭಾರತದ ಊರುಗಳಿಗೆ ಹೋಗುತ್ತದೆ. 2023ರಲ್ಲಿ ಬೆಲೆ ಕುಸಿದು ರೈತರು ಬೀದಿಗಿಳಿದದ್ದನ್ನೂ, 2025ರಲ್ಲಿ ಅದು ಕ್ವಿಂಟಾಲಿಗೆ 20,000 ರೂಪಾಯಿಗಳನ್ನು ಮೀರಿ ಏರಿದುದನ್ನೂ ಗೆಳೆಯರು ವಿವರಿಸಿದರು. ಬಳಿಕ ಅಟ್ಟದತ್ತ ಕೈದೋರಿ, “ಇಷ್ಟನ್ನೂ ಇಳಿಸಿ ಮಾರಬೇಕೆಂದಿದ್ದೇನಪ್ಪ. ಮಗಳ ವೀಸಾಕ್ಕೆ” ಎಂದರು.

ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ. 2020ರ ಕೊರೋನಾ ಕಾಲದಿಂದಲೂ ಇದೇ ಮನೆಯ ಜಗಲಿಯ ಪಕ್ಕದ ಕೋಣೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದಾಳೆ. ಕೆಲಸವನ್ನು ಬಿಡದೆ ಒಂದು ವರ್ಷ ಹೊರದೇಶದಲ್ಲಿದ್ದು ಲೋಕವನ್ನು ಕಾಣಬೇಕೆಂಬುದು ಅವಳ ಆಸೆ. ಮಧ್ಯವರ್ತಿಯೊಬ್ಬನು, “ಪ್ರವಾಸಿ ವೀಸಾದಲ್ಲಿ ಯುರೋಪಿಗೆ ಹೋಗಿಬಿಡಿ, ಕೋಣೆಯೊಳಗೆ ಮಾಡುವ ಕೆಲಸವನ್ನು ಯಾರು ನೋಡುತ್ತಾರೆ?” ಎಂದು ಹೇಳಿ ದೊಡ್ಡ ಮೊತ್ತವನ್ನೇ ಕೇಳಿದ್ದನು.

ಈ ಮಾತು ಕೇಳಿ ನಮ್ಮ ಮನಸ್ಸು ಮುದುಡಿತು. ಕೆಲವು ವರ್ಷಗಳ ಹಿಂದೆ ನಮ್ಮ ಶಿಷ್ಯನೊಬ್ಬನು ಇಂಥದೇ ಸಲಹೆಯನ್ನು ನಂಬಿ ಹೊರಟಾಗ ನಾವು ವಿಚಾರಿಸದೆಯೇ “ಶುಭವಾಗಲಿ” ಎಂದು ಹರಸಿದ್ದೆವು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಬಂದ ಉದ್ದೇಶವೇನೆಂದು ಕೇಳಲು, ಸುಳ್ಳಾಡಲರಿಯದ ಹುಡುಗ ಇದ್ದುದನ್ನು ಹೇಳಿದನು, ಮರುದಿನವೇ ಹಿಂದಿರುಗಬೇಕಾಯಿತು. ಹರಕೆಯ ಜೊತೆಗೆ ಅರಿವನ್ನೂ ಕೊಡಬೇಕಿತ್ತೆಂಬ ಕೊರಗು ನಮ್ಮಲ್ಲಿ ಉಳಿದಿದೆ. ಆದುದರಿಂದ ಈ ಬಾರಿ ಆ ದೇಶಗಳ ನಿಯಮಗಳನ್ನು ಓದಿಕೊಂಡೇ ಬಂದಿದ್ದೆವು.

ಊಟವಾದ ಮೇಲೆ ಮೂವರೂ ಜಗಲಿಯಲ್ಲಿ ಕುಳಿತೆವು. “ಎಳನೀರಿಗೆಂದು ಕಿತ್ತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾದೀತೇನಮ್ಮ?” ಎಂದು ಕೇಳಿದೆವು. ಅವಳು ನಕ್ಕು, “ಕೊಳೆಯುತ್ತದೆ ದೊಡ್ಡಪ್ಪ” ಎಂದಳು. ವೀಸಾದ ಮಾತೂ ಹಾಗೆಯೇ. ಪ್ರವಾಸಿ ವೀಸಾ ನೋಡಿ ಬರಲು. ವಿದ್ಯಾರ್ಥಿ ವೀಸಾ ಓದಲು. ಉದ್ಯೋಗ ವೀಸಾ ಆ ದೇಶದ ಯಜಮಾನನ ಬಳಿ ದುಡಿಯಲು. ಯುರೋಪಿನ ಷೆಂಗೆನ್ ದೇಶಗಳಲ್ಲಿ ಅಲ್ಪಾವಧಿ ವೀಸಾದವರು 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಬ್ರಿಟನ್ 2024ರ ಜನವರಿ 31ರಿಂದ ಸಂದರ್ಶಕರಿಗೆ ತಮ್ಮ ಊರಿನ ಕೆಲಸವನ್ನು ಅಲ್ಲಿಂದ ನೋಡಿಕೊಳ್ಳಲು ಅನುಮತಿಸಿದೆಯಾದರೂ ಅದೇ ಪ್ರವಾಸದ ಮುಖ್ಯ ಉದ್ದೇಶವಾಗಿರಬಾರದು.

ಸಂಬಳ ಸ್ವದೇಶದ್ದು, ವಾಸ ಪರದೇಶದಲ್ಲಿ ಎಂಬವರಿಗೆ ಬೇರೆಯೇ ವೀಸಾ ಹುಟ್ಟಿಕೊಂಡಿದೆ. ಎಸ್ಟೋನಿಯ ದೇಶ 2020ರ ಆಗಸ್ಟಿನಲ್ಲಿ ಇದನ್ನು ತಂದಿತು. ಪೋರ್ಚುಗಲ್ 2022ರ ಅಕ್ಟೋಬರಿನಲ್ಲಿ ತೆರೆದ ದಾರಿಗೆ ಅಲ್ಲಿನ ಕನಿಷ್ಠ ವೇತನದ ನಾಲ್ಕರಷ್ಟು ಆದಾಯ ಬೇಕು. ಸ್ಪೇನ್ ಕೇಳುವುದು ಕನಿಷ್ಠ ವೇತನದ ಎರಡರಷ್ಟು. ಜೊತೆಗೆ ಪದವಿ ಇಲ್ಲವೆ ಮೂರು ವರ್ಷಗಳ ಅನುಭವ. ಜಪಾನ್ 2024ರಲ್ಲಿ ತಂದ ವೀಸಾ ಭಾರತದ ಪಾಸ್‌ಪೋರ್ಟಿನವರಿಗೆ ದೊರೆಯದು. ಥಾಯ್ಲೆಂಡಿನದು ಐದು ವರ್ಷಗಳದು. ಪ್ರತಿ ಪ್ರವೇಶಕ್ಕೆ 180 ದಿನ. ಆದರೆ ಐದು ಲಕ್ಷ ಬಾತ್, ಅಂದರೆ ಹನ್ನೆರಡು ಲಕ್ಷ ರೂಪಾಯಿಗಳಿಗೂ ಮೇಲ್ಪಟ್ಟ ಉಳಿತಾಯವನ್ನು ತೋರಿಸಬೇಕು. ಮಲೇಷಿಯ 2022ರಲ್ಲಿ ಆರಂಭಿಸಿದ ಪರವಾನಗಿಗೆ ತಂತ್ರಜ್ಞಾನದ ಕೆಲಸದವರಿಗೆ ವರ್ಷಕ್ಕೆ 24,000 ಡಾಲರಿಗಿಂತ ಹೆಚ್ಚಿನ ಆದಾಯ ಸಾಕು. ಮೂರರಿಂದ ಹನ್ನೆರಡು ತಿಂಗಳ ವಾಸ, ಮುಂದೆ ನವೀಕರಣಕ್ಕೂ ಅವಕಾಶ.

ಹುಡುಗಿ ಕಾಗದ ತಂದು ಲೆಕ್ಕ ಹಾಕಿದಳು. ಅವಳ ಸಂಬಳ ಪೋರ್ಚುಗಲ್ಲಿನ ಮಿತಿಯನ್ನು ಮುಟ್ಟಲಿಲ್ಲ, ಸ್ಪೇನಿನದನ್ನೂ ಮುಟ್ಟಲಿಲ್ಲ. ಮಲೇಷಿಯದ್ದನ್ನು ದಾಟಿತು. ಕ್ಷಣಕಾಲ ಅವಳ ಮುಖ ಬಾಡಿತು. ಕಂಡ ಕನಸು ಯುರೋಪಿನದಾಗಿತ್ತು.

“ಇನ್ನೆರಡು ಮಾತಿವೆಯಮ್ಮ” ಎಂದೆವು. ಮೊದಲನೆಯದು ಕಂಪನಿಯ ಲಿಖಿತ ಒಪ್ಪಿಗೆ. ನೌಕರರು ಹೊರದೇಶದಲ್ಲಿ ಕುಳಿತು ದುಡಿದರೆ ಕಂಪನಿಗೂ ಅಲ್ಲಿನ ತೆರಿಗೆಯ ಹೊಣೆ ಬಂದೀತು. ಅವರಿಗೆ ತಿಳಿಸದೆ ಹೋಗುವುದು ಸಲ್ಲದು. ಎರಡನೆಯದು ಸ್ವಂತ ತೆರಿಗೆ. ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಮ್ಮ ಕಾನೂನಿನಂತೆ ನಿವಾಸಿ. ಅಲ್ಲಿ ಅರ್ಧ ವರ್ಷ ಕಳೆದರೆ ಆ ದೇಶವೂ ತೆರಿಗೆ ಕೇಳಬಹುದು. ಎರಡು ಕಡೆ ತೆತ್ತು ಬಳಲದಂತೆ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಬೇಕು.

ತಂದೆಯ ಮುಖದಲ್ಲಿ ಬೇರೊಂದು ಅಳುಕಿತ್ತು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿಸಿ ತರುಣರನ್ನು ಮ್ಯಾನ್ಮಾರಿನ ಮ್ಯಾವಾಡಿಯ ವಂಚನೆಯ ಕೇಂದ್ರಗಳಿಗೆ ಒಯ್ದುದನ್ನು ಅವರು ಓದಿದ್ದರು. 2022ರಲ್ಲಿಯೇ ವಿದೇಶಾಂಗ ಸಚಿವಾಲಯ ಎಚ್ಚರಿಸಿತ್ತು. 2025ರ ಮಾರ್ಚಿಯಲ್ಲಿ ನೂರಾರು ಭಾರತೀಯರನ್ನು ಬಿಡಿಸಿ ತರಬೇಕಾಯಿತು. “ಅಲ್ಲಿ ಹೋಗಿ ಕೆಲಸ ಹುಡುಕುವುದು ಬೇರೆ, ಕೈಯಲ್ಲಿರುವ ಕೆಲಸದೊಡನೆ ಹೋಗುವುದು ಬೇರೆ. ಅರ್ಜಿಯನ್ನು ಆ ಸರ್ಕಾರದ ಅಧಿಕೃತ ತಾಣದಲ್ಲಿ ಅವಳೇ ಹಾಕಲಿ” ಎಂದೆವು.

ಗೆಳೆಯರು ಬಹಳ ಹೊತ್ತು ಸುಮ್ಮನಿದ್ದು, “ಮಗಳೇ, ಕಂಪನಿಯವರು ಒಪ್ಪಿದರೆ ಹೋಗಿ ಬಾ. ಟಿಕೆಟ್ಟಿಗೆ ಬೇಕಾದಷ್ಟು ಕೊಬ್ಬರಿ ಇಳಿಸೋಣ. ಆ ದಲ್ಲಾಳಿಗೆ ಒಂದು ಕಾಯಿಯನ್ನೂ ಕೊಡುವುದಿಲ್ಲ” ಎಂದರು. ಅವಳು ಆ ರಾತ್ರಿಯೇ ಕಂಪನಿಗೆ ಪತ್ರ ಬರೆದಳು.

ಬೆಳಗ್ಗೆ ನಮ್ಮನ್ನು ರೈಲಿಗೆ ಬಿಡಲು ಬಂದವಳ ಕೈಯಲ್ಲಿ ನಾಲ್ಕು ಕೊಬ್ಬರಿಗಳ ಚೀಲವಿತ್ತು. ಉತ್ತರ ಇನ್ನೂ ಬಂದಿರಲಿಲ್ಲ. ಬಂಧುಗಳೇ, ನಮ್ಮ ಮಕ್ಕಳು ಹೊರನಾಡಿಗೆ ಹೋಗುವುದನ್ನು ತಡೆಯುವುದು ಹಿರಿತನವಲ್ಲ. ಅವರು ಯಾವ ಬಾಗಿಲಿನಿಂದ ಹೋಗುತ್ತಾರೆ, ಆ ಬಾಗಿಲಲ್ಲಿ ನಿಜವನ್ನು ಹೇಳಬಲ್ಲರೆ ಎಂದು ಕೇಳಿ ತಿಳಿದ ಮೇಲೆಯೇ ಹರಸೋಣ.